ಫ್ರೀಲಾನ್ಸ್ ಅನುವಾದಕ್ಕೆ ಇಳಿಯುವವರಿಗೆ: ವಿಚಾರಣೆ ಬಂದ ದಿನದಿಂದ ದುಡ್ಡು ಖಾತೆಗೆ ಬೀಳುವವರೆಗೆ

ಹೊಸದಾಗಿ ಅನುವಾದದ ಕೆಲಸ ಹಿಡಿದವರು ನನಗೆ ಫೋನ್ ಮಾಡಿದರೆ ಹೆಚ್ಚಾಗಿ ಕೇಳುವುದು ಒಂದೇ ಮಾತು: "ಕೆಲಸ ಕಳಿಸಿ ಎರಡು ತಿಂಗಳಾಯಿತು ಸರ್, ದುಡ್ಡು ಬಂದಿಲ್ಲ, ಏನು ಮಾಡಲಿ?" ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ದರವನ್ನು ಬರಹದಲ್ಲಿ ಒಪ್ಪಿದ್ದಾರಾ? ಪದದ ಎಣಿಕೆ ಇಂಗ್ಲಿಷಿನದೋ ಕನ್ನಡದ್ದೋ? ಬಿಲ್ ಕೊಟ್ಟಿದ್ದು ಯಾವ ದಿನ? ಮೂರಕ್ಕೂ ಸರಿಯಾದ ಉತ್ತರ ಸಿಗುವುದು ಅಪರೂಪ. ಇವರಲ್ಲಿ ಹೆಚ್ಚಿನವರಿಗೆ ಭಾಷೆ ಚೆನ್ನಾಗಿಯೇ ಬರುತ್ತದೆ. ಎಡವಿರುವುದು ಹೆಜ್ಜೆಗಳ ಕ್ರಮದಲ್ಲಿ. ಕೆಲಸ ಮುಗಿದ ಮೇಲೆ ಮಾತಾಡಬೇಕೆಂದುಕೊಂಡ ವಿಷಯಗಳನ್ನೆಲ್ಲ ಕೆಲಸ ಶುರುವಾಗುವ ಮೊದಲೇ ಮಾತಾಡಿ ಮುಗಿಸಬೇಕಿತ್ತು.

ಈ ಮಾರ್ಗದರ್ಶಿ ಇಂಗ್ಲಿಷ್–ಕನ್ನಡ ಅನುವಾದವನ್ನೇ ಮುಂದಿಟ್ಟುಕೊಂಡಿದೆ. ಕರಡು ತಿದ್ದುವವರು, ಕಂಟೆಂಟ್ ಬರೆಯುವವರು, ಡಿಟಿಪಿ ಮಾಡುವವರು 3, 5, 7, 8 ಮತ್ತು 9ನೇ ಹಂತಗಳನ್ನು ಹಾಗೆಯೇ ಬಳಸಬಹುದು.

## ಹಂತ 1: ಕೆಲಸ ಹುಡುಕುವ ಮೊದಲು ಕೈಯಲ್ಲಿರಬೇಕಾದವು

ಪ್ಯಾನ್ ಮತ್ತು ಪ್ರತ್ಯೇಕ ಬ್ಯಾಂಕ್ ಖಾತೆ. ಪ್ಯಾನ್ ಕೊಡದಿದ್ದರೆ ಕಂಪನಿಗಳು ನಿಮ್ಮ ಬಿಲ್ಲಿನಿಂದ 20% ಟಿಡಿಎಸ್ (ದುಡ್ಡು ಕೊಡುವ ಮೊದಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿಯಬೇಕಾಗುತ್ತದೆ. ಖಾತೆ ಮಾತ್ರ ಬೇರೆಯೇ ಇರಲಿ. ಸಾಮಾನ್ಯ ಉಳಿತಾಯ ಖಾತೆಯಾದರೂ ಸಾಕು, ಆದರೆ ಕೆಲಸದ ದುಡ್ಡು ಬಿಟ್ಟು ಬೇರೇನೂ ಅದಕ್ಕೆ ಬರಬಾರದು. ಮನೆಯ ಬಾಡಿಗೆ, ತಮ್ಮ ಕಳಿಸಿದ ಫೋನ್‌ಪೇ, ಬಿಲ್ಲಿನ ಹಣ ಎಲ್ಲ ಒಂದೇ ಖಾತೆಯಲ್ಲಿ ಬೆರೆತರೆ ಯಾವ ಬಿಲ್ ಬಾಕಿ ಇದೆ ಎಂಬುದೇ ತಿಳಿಯುವುದಿಲ್ಲ.

ಉದ್ಯಮ್ ನೋಂದಣಿ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಮಾಡಿಕೊಡುವ ನೋಂದಣಿ ಇದು, ಬಹಳ ಜನ ಬಿಟ್ಟುಬಿಡುವ ಹೆಜ್ಜೆ. ಒಬ್ಬರೇ ಮನೆಯಲ್ಲಿ ಕೂತು ಸೇವೆ ಕೊಡುವವರೂ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಳ್ಳಬಹುದು. 2020ರ ಜುಲೈ 1ರಿಂದ ಇರುವ ಈ ವ್ಯವಸ್ಥೆ ಪೂರ್ತಿ ಆನ್‌ಲೈನ್. ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ. ಹುಡುಕಿದಾಗ ಮೇಲುಗಡೆ ಕಾಣುವ ಕೆಲವು ಖಾಸಗಿ ಜಾಲತಾಣಗಳು ಸರ್ಕಾರಿ ತಾಣದಂತೆಯೇ ಕಾಣುತ್ತವೆ, ಸಾವಿರಾರು ರೂಪಾಯಿ ಕೇಳುತ್ತವೆ. ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ, ಅಲ್ಲಿಂದ ಹೊರಬನ್ನಿ. ಈ ನೋಂದಣಿಯ ಬೆಲೆ ಗೊತ್ತಾಗುವುದು 8ನೇ ಹಂತದಲ್ಲಿ, ಬಾಕಿ ವಸೂಲಿಯ ಹೊತ್ತಿಗೆ. ಆಗ ಓಡಿಹೋಗಿ ಮಾಡಿಸಿದರೆ ಹಳೆಯ ಬಿಲ್ಲಿಗೆ ರಕ್ಷಣೆ ಸಿಗುತ್ತದೆಂದು ನಂಬಿ ಕೂರಲಾಗದು. ಹಾಗಾಗಿ ಇವತ್ತೇ ಮಾಡಿಸಿ.

ಕನ್ನಡದ ಸಲಕರಣೆ. ಯೂನಿಕೋಡ್‌ನಲ್ಲಿ, ಅಂದರೆ ಯಾವ ಕಂಪ್ಯೂಟರ್, ಫೋನಿನಲ್ಲೂ ಓದಬಹುದಾದ ಅಕ್ಷರ ವ್ಯವಸ್ಥೆಯಲ್ಲಿ, ವೇಗವಾಗಿ ಟೈಪ್ ಮಾಡಲು ಬರಬೇಕು. ಕಂಪನಿಗಳು, ಏಜೆನ್ಸಿಗಳು ಕೇಳುವುದು ಯೂನಿಕೋಡ್. ಆದರೆ ಎಷ್ಟೋ ಪ್ರಕಾಶಕರು, ಮುದ್ರಣಾಲಯಗಳು, ಕೆಲವು ಕಚೇರಿಗಳು ಇಂದಿಗೂ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲೇ ಕಡತ ಬೇಕೆನ್ನುತ್ತಾರೆ. ಪರಿವರ್ತಕ ಬಳಸಿದಾಗ ಅರ್ಕಾವೊತ್ತು ಎಲ್ಲೋ ಹಾರುತ್ತದೆ, ಒತ್ತಕ್ಷರ ಮುರಿಯುತ್ತದೆ, ಅಂಕಿಗಳು ಬದಲಾಗುತ್ತವೆ. ಎರಡೂ ಕಡೆಗೆ ಪರಿವರ್ತಿಸಿ ಸಾಲುಸಾಲಾಗಿ ನೋಡಿ ತಿದ್ದುವ ಅಭ್ಯಾಸ ಮೊದಲೇ ಆಗಿರಲಿ. ಇದರ ಜೊತೆಗೆ ಒಮೆಗಾಟಿಯಂಥ ಉಚಿತ ಅನುವಾದ ತಂತ್ರಾಂಶವೊಂದನ್ನು ಕಲಿಯಿರಿ. ಹಿಂದೆ ಅನುವಾದಿಸಿದ ವಾಕ್ಯ ಮತ್ತೆ ಬಂದಾಗ ಅದು ನೆನಪಿಸಿ ಕೊಡುತ್ತದೆ. ಪದಕೋಶಕ್ಕೆ ಅಲರ್ ಮತ್ತು ಕರ್ನಾಟಕ ಸರ್ಕಾರದ ಪದಕಣಜ ಸದಾ ತೆರೆದಿರಲಿ.

## ಹಂತ 2: ತೋರಿಸಲು ಮೂರು ನಮೂನೆ

"ಅನುಭವ ಇಲ್ಲದೆ ಕೆಲಸ ಕೊಡುವುದಿಲ್ಲ, ಕೆಲಸ ಇಲ್ಲದೆ ಅನುಭವ ಬರುವುದಿಲ್ಲ" ಎಂದು ಕೊರಗುವ ಬದಲು ನೀವೇ ನಮೂನೆ ತಯಾರಿಸಿ. ಮೂರು ಬೇರೆ ಬೇರೆ ಬಗೆಯ ಬರಹ, ತಲಾ 300 ಪದ ಸಾಕು: ಬ್ಯಾಂಕಿನ ಗ್ರಾಹಕರಿಗೆ ಕೊಡುವ ಸೂಚನೆ, ಆರೋಗ್ಯದ ಕರಪತ್ರ, ಮೊಬೈಲ್ ಆ್ಯಪ್‌ನ ಸಹಾಯ ಪುಟ. ಸಾರ್ವಜನಿಕವಾಗಿ ಸಿಗುವ ಮೂಲವನ್ನೇ ಆರಿಸಿ, ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ ಇಟ್ಟು ಪಿಡಿಎಫ್ ಮಾಡಿ. ಕತೆ, ಕವಿತೆ ಅನುವಾದಿಸಿದ್ದೀರಾದರೆ ಸಂತೋಷ, ಆದರೆ ಆ್ಯಪ್ ಕಂಪನಿಗೆ ಅದನ್ನು ಕಳಿಸಿದರೆ ಪ್ರಯೋಜನವಿಲ್ಲ.

ಇನ್ನೊಬ್ಬ ಕ್ಲೈಂಟ್‌ನ ಕಡತವನ್ನು ಎಂದೂ ನಮೂನೆಯಾಗಿ ತೋರಿಸಬೇಡಿ. ನೋಡಿದವರು ನಿಮ್ಮ ಕನ್ನಡಕ್ಕಿಂತ ಮೊದಲು ಯೋಚಿಸುವುದು, ನಾಳೆ ನಮ್ಮ ಕಾಗದವನ್ನೂ ಇವರು ಹೀಗೇ ಹಂಚುತ್ತಾರೆ ಎಂದು.

ಕಳಿಸುವ ಸಿ.ವಿ.ಯಲ್ಲಿ ಪ್ಯಾನ್, ಆಧಾರ್, ಸಹಿ, ಮನೆ ವಿಳಾಸ ಬೇಡ. ಅನುವಾದಕರ ಸಿ.ವಿ. ಕದ್ದು, ಇಮೇಲ್ ವಿಳಾಸ ಮಾತ್ರ ಬದಲಿಸಿ, ಅವರ ಹೆಸರಲ್ಲಿ ಕೆಲಸ ಹಿಡಿದು ಯಂತ್ರದ ಅನುವಾದ ಕೊಟ್ಟು ದುಡ್ಡು ಹೊಡೆಯುವವರಿದ್ದಾರೆ. ಪಿಡಿಎಫ್ ರೂಪದಲ್ಲೇ ಕಳಿಸಿ.

## ಹಂತ 3: ವಿಚಾರಣೆ ಬಂದಾಗ ಮೊದಲು ಕೇಳಬೇಕಾದ್ದು

"ಕನ್ನಡ ಅನುವಾದ ಇದೆ, ನಿಮ್ಮ ರೇಟ್ ಎಷ್ಟು?" ಎಂದು ವಾಟ್ಸಾಪ್ ಬರುತ್ತದೆ. ತಕ್ಷಣ ಒಂದು ಸಂಖ್ಯೆ ಹೇಳುವುದೇ ಮೊದಲ ತಪ್ಪು. ಕಡತ ನೋಡದೆ ದರ ಹೇಳಬೇಡಿ. ಈ ಪ್ರಶ್ನೆಗಳನ್ನು ಒಂದೇ ಸಂದೇಶದಲ್ಲಿ ಕೇಳಿ:

1. ಪೂರ್ತಿ ಕಡತ, ಇಲ್ಲವೇ ಕೆಲವು ಪುಟ ಕಳಿಸುತ್ತೀರಾ?
2. ಒಟ್ಟು ಎಷ್ಟು ಪದ, ಯಾವ ದಿನಕ್ಕೆ ಬೇಕು?
3. ಯೂನಿಕೋಡೋ ನುಡಿಯೋ? ವರ್ಡ್ ಕಡತವೋ, ಪುಟವಿನ್ಯಾಸವೂ ನನ್ನದೋ?
4. ಹೊಸ ಅನುವಾದವೋ, ಯಂತ್ರ ಮಾಡಿದ್ದನ್ನು ತಿದ್ದಬೇಕೋ?
5. ಬಿಲ್ ಯಾರ ಹೆಸರಿಗೆ, ದುಡ್ಡು ಎಷ್ಟು ದಿನಕ್ಕೆ?

ಐದನೆಯದನ್ನು ಕೇಳಲು ನಮ್ಮಲ್ಲಿ ಸಂಕೋಚ ಜಾಸ್ತಿ. "ಮೊದಲ ಸಲವೇ ದುಡ್ಡಿನ ಮಾತಾಡಿದರೆ ಏನಂದುಕೊಳ್ತಾರೋ" ಅನ್ನುತ್ತಾರೆ. ನೆಟ್ಟಗೆ ವ್ಯವಹಾರ ಮಾಡುವವರು ಈ ಪ್ರಶ್ನೆಗೆ ಒಂದು ಸಾಲಿನಲ್ಲಿ ಉತ್ತರ ಕೊಡುತ್ತಾರೆ. "ಅದೆಲ್ಲ ಆಮೇಲೆ ನೋಡೋಣ, ಮೊದಲು ಶುರು ಮಾಡಿ" ಎಂಬ ಉತ್ತರ ಬಂದರೆ ಅದನ್ನು ಎಚ್ಚರಿಕೆಯ ಗಂಟೆ ಎಂದೇ ತಿಳಿಯಿರಿ.

ಪರೀಕ್ಷಾ ಅನುವಾದ. 250–300 ಪದದವರೆಗೆ ಉಚಿತವಾಗಿ ಮಾಡಿಕೊಡುವುದು ರೂಢಿ. ಅದಕ್ಕಿಂತ ಹೆಚ್ಚು ಕೇಳಿದರೆ ದರ ಹೇಳಿ. ಪರೀಕ್ಷೆಗೆ ಬಂದ ತುಣುಕು ನಡುವಿನ ಪುಟದಿಂದ ಶುರುವಾಗಿ ನಡುವಲ್ಲೇ ನಿಂತಿದ್ದರೆ ಅನುಮಾನಪಡಿ. ದೊಡ್ಡ ಕಡತವೊಂದನ್ನು ಹರಿದು ಹತ್ತಾರು ಹೊಸಬರಿಗೆ "ಪರೀಕ್ಷೆ" ಎಂದು ಹಂಚಿ ಬಿಟ್ಟಿ ಮಾಡಿಸಿಕೊಳ್ಳುವ ದಾರಿ ಇದು.

ಮೋಸದ ಗುರುತುಗಳು. ಕೆಲಸ ಕೊಡಲು ನೋಂದಣಿ ಶುಲ್ಕ, ಠೇವಣಿ, ತರಬೇತಿ ಶುಲ್ಕ ಕೇಳಿದರೆ ಮಾತು ಅಲ್ಲಿಗೆ ಮುಗಿಸಿ. "ಮನೆಯಲ್ಲೇ ಟೈಪಿಂಗ್" ಎಂದು ಕರೆದು, ಕರಾರಿಗೆ ಸಹಿ ಹಾಕಿಸಿ, ಆಮೇಲೆ "ತಪ್ಪು ಜಾಸ್ತಿ ಇದೆ, ಕರಾರು ಮುರಿದಿದ್ದೀರಿ, ಕೋರ್ಟಿಗೆ ಹೋಗುತ್ತೇವೆ" ಎಂದು ನಕಲಿ ವಕೀಲರ ನೋಟಿಸ್ ಕಳಿಸಿ ದುಡ್ಡು ಕೀಳುವ ಜಾಲಗಳಿವೆ. ಹೆದರಿ ಒಂದು ರೂಪಾಯಿ ಕೊಟ್ಟರೂ ಬೇಡಿಕೆ ನಿಲ್ಲುವುದಿಲ್ಲ. ಇನ್ನೊಂದು ಬಗೆಯವರು ಒಪ್ಪಿದ್ದಕ್ಕಿಂತ ಹೆಚ್ಚು ಮೊತ್ತದ ಚೆಕ್ ಕಳಿಸಿ, "ತಪ್ಪಾಗಿ ಹೆಚ್ಚು ಬಂತು, ಉಳಿದದ್ದು ವಾಪಸ್ ಹಾಕಿ" ಅನ್ನುತ್ತಾರೆ. ನೀವು ಹಾಕಿದ ಮೇಲೆ ಅವರ ಚೆಕ್ ಬೌನ್ಸ್ ಆಗುತ್ತದೆ. ಮುಂಗಡ ಕಳಿಸುತ್ತೇವೆಂದು ಕ್ಯೂಆರ್ ಕೋಡ್ ಕಳಿಸಿ ಪಿನ್ ಒತ್ತಿ ಎಂದರೆ ನಿಮ್ಮ ಖಾತೆ ಖಾಲಿಯಾಗುತ್ತದೆ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಿಲ್ಲ. ದುಡ್ಡು ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಹೋದರೆ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

## ಹಂತ 4: ದರ ಕಟ್ಟುವುದು

ಇಲ್ಲಿ ನಿಧಾನವಾಗಿ ಓದಿ. ಹೊಸಬರು ಅತಿ ಹೆಚ್ಚು ಕಳೆದುಕೊಳ್ಳುವುದು ಈ ಹಂತದಲ್ಲಿ, ಅದೂ ತಿಳಿಯದೆ.

ಯಾವ ಭಾಷೆಯ ಪದ ಎಣಿಸುತ್ತಾರೆ? ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ನಿಲ್ಲುವ ಎಷ್ಟೋ ಪದಗಳು ಕನ್ನಡದಲ್ಲಿ ಪ್ರತ್ಯಯಗಳಾಗಿ ಅಂಟಿಕೊಳ್ಳುತ್ತವೆ. "ಬರಲಾಗುವುದಿಲ್ಲ" ಎಂಬ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ನಾಲ್ಕೈದು ಪದ ಬೇಕು. ಹೀಗಾಗಿ ಕನ್ನಡದ ಎಣಿಕೆ ಮೂಲಕ್ಕಿಂತ ಸಾಕಷ್ಟು ಕಡಿಮೆ ಬರುತ್ತದೆ. 10,000 ಪದದ ಇಂಗ್ಲಿಷ್ ಕಡತ ಕನ್ನಡದಲ್ಲಿ 7,500 ಆಯಿತು ಅಂದುಕೊಳ್ಳಿ. ದರ ₹2 ಇದ್ದರೆ ಇಂಗ್ಲಿಷ್ ಎಣಿಕೆಯಲ್ಲಿ ₹20,000, ಕನ್ನಡದ ಎಣಿಕೆಯಲ್ಲಿ ₹15,000. ಅದೇ ಕೆಲಸ, ಅದೇ ದರ, ಕೈಗೆ ₹5,000 ಕಡಿಮೆ. ಆದ್ದರಿಂದ "ಪದಕ್ಕೆ ಎರಡು ರೂಪಾಯಿ" ಎಂದು ಬರೆಯಬೇಡಿ. "ಮೂಲ ಇಂಗ್ಲಿಷ್ ಕಡತದ ಪದವೊಂದಕ್ಕೆ ಎರಡು ರೂಪಾಯಿ" ಎಂದು ಬರೆಯಿರಿ. ಮೂಲದ ಎಣಿಕೆಯಲ್ಲಿ ಇನ್ನೊಂದು ಅನುಕೂಲವಿದೆ: ಕೆಲಸ ಶುರುವಾಗುವ ಮೊದಲೇ ಒಟ್ಟು ಮೊತ್ತ ಇಬ್ಬರಿಗೂ ಗೊತ್ತಿರುತ್ತದೆ, ಕೊನೆಯಲ್ಲಿ ಜಗಳಕ್ಕೆ ಆಸ್ಪದವಿಲ್ಲ. ಕನ್ನಡದಿಂದ ಇಂಗ್ಲಿಷಿಗೆ ಮಾಡುವವರಿಗೆ ಲೆಕ್ಕ ತಿರುಗುತ್ತದೆ. ಅಲ್ಲಿ ಕನ್ನಡ ಮೂಲವನ್ನು ಎಣಿಸಿದರೆ ನಿಮಗೆ ನಷ್ಟ, ಹಾಗಾಗಿ ಪದದ ದರವನ್ನು ಅದಕ್ಕೆ ತಕ್ಕಂತೆ ಏರಿಸಿ ಹೇಳಿ.

ನಿಮ್ಮ ತಳದ ದರ. ಬೇರೆಯವರು ಎಷ್ಟು ತಗೋತಾರೆ ಎಂದು ಕೇಳುವ ಮುಂಚೆ ನಿಮಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿ. ಉದಾಹರಣೆಗೆ ಮನೆಗೆ ತಿಂಗಳಿಗೆ ₹30,000 ಬೇಕು, ಇಂಟರ್ನೆಟ್, ಕರೆಂಟ್, ಲ್ಯಾಪ್‌ಟಾಪ್ ಸವಕಳಿಗೆ ₹6,000, ಕಾಯಿಲೆ–ರಜೆ–ತೆರಿಗೆಗೆ ₹4,000. ಒಟ್ಟು ₹40,000. ತಿಂಗಳಲ್ಲಿ 22 ದಿನ ಕೂತರೂ ದುಡ್ಡು ತರುವ ದಿನ 14 ಎಂದೇ ಇಟ್ಟುಕೊಳ್ಳಿ. ಮಿಕ್ಕಿದ್ದು ಕೆಲಸ ಹುಡುಕಲು, ಬಿಲ್ ಬರೆಯಲು, ಸುಮ್ಮನೆ ಕಾಯಲು ಹೋಗುತ್ತದೆ. ದಿನಕ್ಕೆ 1,400 ಪದ ಮಾಡಿ, ಮತ್ತೆ ಓದಿ ತಿದ್ದಿದರೆ ತಿಂಗಳಿಗೆ 19,600 ಪದ. ಅಂದರೆ ಪದಕ್ಕೆ ₹2ಕ್ಕಿಂತ ತುಸು ಮೇಲೆ. ಇದು ನಿಮ್ಮ ತಳ. ಇದಕ್ಕಿಂತ ಕೆಳಗೆ ಒಪ್ಪಿದರೆ ದಿನಕ್ಕೆ 2,500 ಪದ ಓಡಿಸಬೇಕಾಗುತ್ತದೆ, ಹೊಸಬರ ಗುಣಮಟ್ಟ ಅಲ್ಲೇ ಕುಸಿಯುತ್ತದೆ. ನಿಮ್ಮ ಅಂಕಿಗಳನ್ನು ಹಾಕಿ ನಿಮ್ಮದೇ ತಳ ತೆಗೆಯಿರಿ.

ಯಂತ್ರಾನುವಾದ ತಿದ್ದುವ ಕೆಲಸ. ಈಗ ಬರುವ ವಿಚಾರಣೆಗಳಲ್ಲಿ ಇದೂ ಸಾಕಷ್ಟಿದೆ. "ಬರೀ ತಿದ್ದುವುದು ತಾನೇ, ಅರ್ಧ ದರ" ಅನ್ನುತ್ತಾರೆ. ಒಪ್ಪುವ ಮೊದಲು ಆ ಕಡತದ ನಡುವಿನಿಂದ ಒಂದು ಪುಟ ತೆಗೆದುಕೊಂಡು ಗಡಿಯಾರ ನೋಡಿಕೊಂಡು ತಿದ್ದಿ. ಹೊಸದಾಗಿ ಅನುವಾದಿಸಿದರೆ ಹಿಡಿಯುವ ಹೊತ್ತಿನ ಮುಕ್ಕಾಲು ಭಾಗ ಹಿಡಿದರೆ ಮುಕ್ಕಾಲು ದರವನ್ನೇ ಕೇಳಿ. ಯಂತ್ರದ ಕನ್ನಡದಲ್ಲಿ ಮೇಲ್ನೋಟಕ್ಕೆ ವಾಕ್ಯ ಸರಾಗವಾಗಿರುತ್ತದೆ, ಆದರೆ ಲಿಂಗ, ಗೌರವ ರೂಪ ಸಾಲಿಂದ ಸಾಲಿಗೆ ಬದಲಾಗುತ್ತಿರುತ್ತದೆ: ಒಂದು ಸಾಲಿನಲ್ಲಿ "ನೀನು", ಮುಂದಿನದರಲ್ಲಿ "ನೀವು". ಇಂಗ್ಲಿಷಿನ ನಿಷೇಧಾರ್ಥ ಕನ್ನಡದಲ್ಲಿ ಮಾಯವಾಗಿ ಅರ್ಥ ತಿರುವುಮುರುವಾಗುವುದೂ ಉಂಟು. ಔಷಧಿ, ಕಾನೂನು, ವಿಮೆಯ ಕಡತಗಳಲ್ಲಿ ಇದು ದೊಡ್ಡ ಅಪಾಯ. ಅಂಥದ್ದಕ್ಕೆ ಅರ್ಧ ದರಕ್ಕೆ ಒಪ್ಪಲೇಬೇಡಿ.

ಚಿಕ್ಕ ಮಾತುಗಳು. 40 ಪದದ ಜಾಹೀರಾತಿಗೆ ಪದದ ಲೆಕ್ಕ ಹಾಕಿದರೆ ಚಹಾದ ದುಡ್ಡೂ ಬರುವುದಿಲ್ಲ, ಕನಿಷ್ಠ ಮೊತ್ತವೊಂದನ್ನು ಇಟ್ಟುಕೊಳ್ಳಿ. ರಾತ್ರಿ ಕಳಿಸಿ ಬೆಳಿಗ್ಗೆ ಕೇಳಿದರೆ ಹೆಚ್ಚುವರಿ ದರ ಹೇಳಿ. ಸಬ್‌ಟೈಟಲ್ ಕೆಲಸ ನಿಮಿಷದ ಲೆಕ್ಕದಲ್ಲಿ ಬರುತ್ತದೆ, ಸಮಯ ಗುರುತಿಸಿದ ಕಡತ ಅವರೇ ಕೊಡುತ್ತಾರೋ ನೀವೇ ಮಾಡಬೇಕೋ ಕೇಳಿ. ಏಜೆನ್ಸಿಯವರು "ಮರುಕಳಿಸಿದ ವಾಕ್ಯಕ್ಕೆ ದುಡ್ಡಿಲ್ಲ" ಎಂದರೆ ಪೂರ್ತಿ ಒಪ್ಪಬೇಡಿ. ಮರುಕಳಿಸಿದ ವಾಕ್ಯವನ್ನೂ ಸಂದರ್ಭ ನೋಡಿ ಓದಲೇಬೇಕು, ಆ ಹೊತ್ತಿಗೆ ಬೆಲೆಯಿದೆ.

## ಹಂತ 5: ಒಪ್ಪಿಗೆಯನ್ನು ಬರಹಕ್ಕೆ ಇಳಿಸುವುದು

ಹತ್ತು ಪುಟದ ಕರಾರು ಬೇಕಿಲ್ಲ. ಫೋನಿನಲ್ಲಿ ಮಾತು ಮುಗಿದ ಕೂಡಲೇ ನೀವೇ ಒಂದು ಇಮೇಲ್ ಕಳಿಸಿ, "ಒಪ್ಪಿಗೆ" ಎಂದು ಉತ್ತರ ತರಿಸಿಕೊಳ್ಳಿ. ಹೀಗೆ ಬರೆಯಬಹುದು:

*"ನಮಸ್ಕಾರ ಮೇಡಂ, ಮಾತಾಡಿದಂತೆ ವಿವರ ಕಳಿಸುತ್ತಿದ್ದೇನೆ. ಕಡತ: ಗ್ರಾಹಕರ ಕೈಪಿಡಿ, ಮೂಲ ಇಂಗ್ಲಿಷ್ 8,200 ಪದ. ದರ: ಮೂಲ ಪದವೊಂದಕ್ಕೆ ₹2.25, ಒಟ್ಟು ₹18,450. ಮುಂಗಡ 30%, ಅಂದರೆ ₹5,535. ಬಾಕಿ ₹12,915 ಬಿಲ್ ಕೊಟ್ಟ 30 ದಿನದೊಳಗೆ. ಮುಂಗಡ ಬಂದ ದಿನದಿಂದ 8 ಕೆಲಸದ ದಿನಗಳಲ್ಲಿ ಯೂನಿಕೋಡ್ ವರ್ಡ್ ಕಡತ ಕೊಡುತ್ತೇನೆ. ನನ್ನಿಂದಾದ ತಪ್ಪುಗಳನ್ನು ಉಚಿತವಾಗಿ ಸರಿಪಡಿಸುತ್ತೇನೆ, 10 ದಿನದೊಳಗೆ ಒಟ್ಟಿಗೆ ತಿಳಿಸಿ. ಮೂಲ ಕಡತ ಬದಲಾದರೆ ಬದಲಾದ ಭಾಗಕ್ಕೆ ಇದೇ ದರ. ಒಪ್ಪಿಗೆಯಾದರೆ ಇದಕ್ಕೆ ಉತ್ತರಿಸಿ."*

ಮುಂಗಡ ಬಂದ ದಿನದಿಂದ ದಿನ ಎಣಿಸಬೇಕೆಂಬ ಸಾಲನ್ನು ಗಮನಿಸಿ. ಅದಿಲ್ಲದಿದ್ದರೆ ಮುಂಗಡ ತಡವಾದರೂ ಕೊನೆಯ ದಿನ ಮಾತ್ರ ಅಲ್ಲೇ ನಿಂತಿರುತ್ತದೆ. ದೊಡ್ಡ ಕಂಪನಿಗಳು, ಏಜೆನ್ಸಿಗಳು ಮುಂಗಡ ಕೊಡುವುದು ಕಡಿಮೆ, ಬದಲಿಗೆ ಪಿಒ (ಪರ್ಚೇಸ್ ಆರ್ಡರ್, ಅಂದರೆ ಲಿಖಿತ ಖರೀದಿ ಆದೇಶ) ಕೊಡುತ್ತವೆ. ಪಿಒ ಸಂಖ್ಯೆ ಕೈಗೆ ಬರುವವರೆಗೆ ಕೆಲಸ ಶುರು ಮಾಡಬೇಡಿ, ಅದಿಲ್ಲದ ಬಿಲ್ಲನ್ನು ಅಕೌಂಟ್ಸ್‌ನವರು ಮುಟ್ಟುವುದೇ ಇಲ್ಲ.

ತಿದ್ದುಪಡಿ ಎಂದರೆ ಏನು? ಕಾಗುಣಿತ ತಪ್ಪು, ಬಿಟ್ಟುಹೋದ ಸಾಲು, ತಪ್ಪರ್ಥ ನಿಮ್ಮ ಹೊಣೆ. "ನಮ್ಮ ಮ್ಯಾನೇಜರ್‌ಗೆ 'ಬಳಕೆದಾರ' ಬೇಡವಂತೆ, 'ಯೂಸರ್' ಮಾಡಿ" ಎನ್ನುವುದು ಅವರ ಇಷ್ಟ. ಅಂಥದ್ದು ಎಲ್ಲ ಪುಟದಲ್ಲಿ ಬಂದರೆ ಗಂಟೆಗಟ್ಟಲೆ ಕೆಲಸ. ಮೊದಲೇ 30–40 ಪದಗಳ ಪಟ್ಟಿ ಕಳಿಸಿ ಒಪ್ಪಿಗೆ ಪಡೆದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ಹಕ್ಕು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ನೌಕರರಲ್ಲದ ಸ್ವತಂತ್ರ ಅನುವಾದಕರು ತಮ್ಮ ಅನುವಾದದ ಮೊದಲ ಹಕ್ಕುದಾರರು. ಹಕ್ಕು ಇನ್ನೊಬ್ಬರಿಗೆ ಹೋಗಬೇಕಾದರೆ ಸಹಿ ಮಾಡಿದ ಬರಹ ಬೇಕು. ಎಷ್ಟು ಕಾಲಕ್ಕೆ ಎಂದು ಅದರಲ್ಲಿ ಬರೆಯದಿದ್ದರೆ 5 ವರ್ಷ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆ ಹೇಳುತ್ತದೆ. ಆ್ಯಪ್‌ನ ಸಹಾಯ ಪುಟದ ಹಕ್ಕನ್ನು ಪೂರ್ತಿ ಕೊಟ್ಟರೂ ನಷ್ಟವಿಲ್ಲ, "ಪೂರ್ತಿ ದುಡ್ಡು ಬಂದ ಮೇಲೆ ಹಕ್ಕು ನಿಮ್ಮದು" ಎಂಬ ಸಾಲು ಸೇರಿಸಿದರೆ ಸಾಕು. ಪುಸ್ತಕವಾದರೆ ಬೇರೆ ಮಾತು. ಎಷ್ಟು ವರ್ಷ, ಎಷ್ಟು ಪ್ರತಿ, ಇ-ಪುಸ್ತಕ ಮತ್ತು ಆಡಿಯೊ ಸೇರಿದೆಯೇ, ಮರುಮುದ್ರಣಕ್ಕೆ ಗೌರವಧನವಿದೆಯೇ, ಮುಖಪುಟದಲ್ಲಿ ನಿಮ್ಮ ಹೆಸರು ಬರುತ್ತದೆಯೇ, ಮೂಲ ಲೇಖಕರ ಅನುಮತಿ ಯಾರು ತರುತ್ತಾರೆ ಎಲ್ಲವನ್ನೂ ಬರೆಸಿ. "ಎಲ್ಲ ಹಕ್ಕು ಶಾಶ್ವತವಾಗಿ ಪ್ರಕಾಶಕರದ್ದು" ಎಂಬ ಸಾಲಿಗೆ ಸುಮ್ಮನೆ ಸಹಿ ಹಾಕಿದವರನ್ನು ಕಂಡರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಅದನ್ನು ಆಮೇಲೆ ಬಿಡಿಸಿಕೊಳ್ಳುವುದು ಬಹಳ ಕಷ್ಟ.

## ಹಂತ 6: ಕೆಲಸ ನಡೆಯುವಾಗ

ಮೊದಲ ದಿನವೇ ಕಡತವನ್ನು ಕೊನೆಯ ಪುಟದವರೆಗೆ ತಿರುವಿ ನೋಡಿ. ಓದಲಾಗದ ಸ್ಕ್ಯಾನ್, ಅರ್ಧಕ್ಕೆ ನಿಂತ ಕೋಷ್ಟಕ, ಚಿತ್ರದೊಳಗಿನ ಬರಹ ಇದ್ದರೆ ಅಂದೇ ತಿಳಿಸಿ, ಕೊನೆಯ ದಿನ ಹೇಳಿದರೆ ಅದು ನೆಪದಂತೆ ಕೇಳಿಸುತ್ತದೆ. ಸಂದೇಹಗಳನ್ನು ಬಿಡಿಬಿಡಿಯಾಗಿ ವಾಟ್ಸಾಪ್ ಮಾಡದೆ ಒಂದು ಹಾಳೆಯಲ್ಲಿ ಪುಟಸಂಖ್ಯೆ ಸಮೇತ ಕಳಿಸಿ.

ಗೋಪ್ಯ ಕಡತವನ್ನು ಉಚಿತ ಆನ್‌ಲೈನ್ ಅನುವಾದ ಅಥವಾ ಎಐ ಸಾಧನಕ್ಕೆ ಅಂಟಿಸಬೇಡಿ. ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದರೆ ಅದೊಂದೇ ಕಾರಣಕ್ಕೆ ನಿಮ್ಮ ಬಿಲ್ ತಡೆಯಬಹುದು. ತಡವಾಗುವ ಸೂಚನೆ ಕಂಡರೆ ಕೊನೆಯ ದಿನಕ್ಕಿಂತ ಎರಡು ದಿನ ಮುಂಚೆ ಹೇಳಿ, ಆಗಿರುವಷ್ಟನ್ನು ಕಳಿಸಿಬಿಡಿ.

## ಹಂತ 7: ಕೆಲಸ ಕೊಟ್ಟ ದಿನವೇ ಬಿಲ್

ಕಡತ ಕಳಿಸಿದ ದಿನವೇ ಬಿಲ್ ಕಳಿಸಿ. "ಅವರು ನೋಡಿ ಓಕೆ ಅಂದ ಮೇಲೆ ಕಳಿಸೋಣ" ಎಂದು ಕಾದರೆ ಆ ಓಕೆ ತಿಂಗಳಾದರೂ ಬರುವುದಿಲ್ಲ, ಬಿಲ್ ಕೊಡದೆ ದಿನ ಎಣಿಕೆ ಶುರುವಾಗುವುದಿಲ್ಲ. ಬಿಲ್ಲಿನಲ್ಲಿ ಇವಿಷ್ಟು ಇರಲಿ:

- ನಿಮ್ಮ ಹೆಸರು, ವಿಳಾಸ, ಪ್ಯಾನ್, ಉದ್ಯಮ್ ಸಂಖ್ಯೆ
- ಬಿಲ್ ಸಂಖ್ಯೆ ಮತ್ತು ದಿನಾಂಕ, ಅವರ ಪಿಒ ಸಂಖ್ಯೆ
- ಅವರ ಪೂರ್ತಿ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ
- ಕೆಲಸದ ವಿವರ, ಪದದ ಎಣಿಕೆ, ದರ, ಮೊತ್ತ, ಬಂದಿರುವ ಮುಂಗಡ, ಬಾಕಿ
- ದುಡ್ಡು ಕೊಡಬೇಕಾದ ಕೊನೆಯ ದಿನಾಂಕ
- ಖಾತೆ ಸಂಖ್ಯೆ, ಐಎಫ್‌ಎಸ್‌ಸಿ

"30 ದಿನದೊಳಗೆ" ಎನ್ನುವ ಬದಲು ತಾರೀಖನ್ನೇ ಬರೆಯಿರಿ. ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ, "ಟ್ಯಾಕ್ಸ್ ಇನ್‌ವಾಯ್ಸ್" ಎಂಬ ತಲೆಬರಹವನ್ನೂ ಹಾಕಬೇಡಿ. ಬಿಲ್ ಕಳಿಸಿದ ಮೇಲೆ ಅದು ಅಕೌಂಟ್ಸ್‌ಗೆ ತಲುಪಿತೇ ಎಂದು ಎರಡು ದಿನ ಬಿಟ್ಟು ಕೇಳಿ. ಕೆಲಸ ಕೊಟ್ಟವರ ಇನ್‌ಬಾಕ್ಸ್‌ನಲ್ಲೇ ಬಿಲ್ ಉಳಿದುಬಿಡುವುದು ತೀರ ಸಾಮಾನ್ಯ.

ಸರ್ಕಾರಿ ಇಲಾಖೆಗಳ ಕೆಲಸಕ್ಕೆ ದಾರಿ ಬೇರೆ. ಕಾರ್ಯಾದೇಶ ಕೈಗೆ ಬರದೆ ಶುರು ಮಾಡಬೇಡಿ. ರಾಜ್ಯ ಸರ್ಕಾರದ ಪಾವತಿ ಖಜಾನೆ-2 ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಬರುವುದರಿಂದ ನಿಮ್ಮ ಬ್ಯಾಂಕ್ ವಿವರ ಕೊಟ್ಟು ಸ್ವೀಕೃತಿದಾರರ (ದುಡ್ಡು ಪಡೆಯುವವರ) ಸಂಖ್ಯೆ ಮಾಡಿಸಬೇಕು. ಅದನ್ನು ಕೆಲಸ ಶುರುವಾದ ವಾರದಲ್ಲೇ ಮುಗಿಸಿ. ಕೆಲವೆಡೆ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ ಸಹಿ ಮಾಡಿದ ರಸೀದಿಯನ್ನು ದುಡ್ಡಿಗೂ ಮುಂಚೆ ಕೇಳುತ್ತಾರೆ. ಕೊಡಿ, ಆದರೆ ಅದರ ಫೋಟೊ ಮತ್ತು ಕೊಟ್ಟ ದಿನದ ಇಮೇಲ್ ಇಟ್ಟುಕೊಳ್ಳಿ. ಬಿಲ್ ಫೆಬ್ರವರಿಯಲ್ಲೇ ಸಲ್ಲಿಕೆಯಾಗಲಿ. ಮಾರ್ಚ್ 31 ದಾಟಿದರೆ ಹೊಸ ವರ್ಷದ ಅನುದಾನಕ್ಕೆ ಕಾಯಬೇಕಾಗಬಹುದು.

## ಹಂತ 8: ಬಾಕಿ ಕೇಳುವುದು

ಕೇಳುವುದರಲ್ಲಿ ನಾಚಿಕೆ ಬೇಡ, ಸಿಟ್ಟೂ ಬೇಡ. ಕ್ರಮ ಇರಲಿ.

1. ಕೊನೆಯ ದಿನಕ್ಕೆ ಮೂರು ದಿನ ಮುಂಚೆ: "ಬಿಲ್ ಸಂಖ್ಯೆ ಇಂಥದ್ದು, ಇಂಥ ತಾರೀಖಿಗೆ ಪಾವತಿ ಇದೆ, ನನ್ನ ಕಡೆಯಿಂದ ಇನ್ನೇನಾದರೂ ಕಾಗದ ಬೇಕೇ?" ಎಂದು ಇಮೇಲ್. ಈ ಪ್ರಶ್ನೆಗೆ ಬರುವ ಉತ್ತರದಲ್ಲೇ ಅಡಚಣೆ ಎಲ್ಲಿದೆಯೆಂದು ಗೊತ್ತಾಗುತ್ತದೆ.
2. ದಾಟಿದ ಮರುದಿನ: ಅದೇ ಇಮೇಲ್ ಎಳೆಯಲ್ಲಿ, ಅಕೌಂಟ್ಸ್‌ನವರನ್ನೂ ಸೇರಿಸಿ.
3. ಒಂದು ವಾರಕ್ಕೆ: ಫೋನ್. "ಯಾವ ತಾರೀಖಿಗೆ ಆಗುತ್ತೆ ಸರ್?" ಎಂದು ದಿನ ಕೇಳಿ, ಮಾತು ಮುಗಿದ ಮೇಲೆ ಆ ದಿನವನ್ನು ಇಮೇಲ್‌ನಲ್ಲಿ ಬರೆದು ಕಳಿಸಿ.
4. ಎರಡು ವಾರಕ್ಕೆ: ಅವರಿಂದ ಬಂದಿರುವ ಹೊಸ ಕೆಲಸ ನಿಲ್ಲಿಸಿ. ಹಳೆಯ ಬಾಕಿ ಇಟ್ಟುಕೊಂಡೇ ಹೊಸ ಕಡತ ಕೊಡುತ್ತಾ ಹೋಗುವವರಿದ್ದಾರೆ, ಮೊತ್ತ ಬೆಳೆದಷ್ಟೂ ನೀವು ಬಿಟ್ಟುಹೋಗಲಾರಿರಿ ಎಂದು ಅವರಿಗೆ ಗೊತ್ತು.
5. ಒಂದು ತಿಂಗಳಿಗೆ: ಕೆಳಗೆ ಹೇಳಿರುವ ಕಾಯ್ದೆ ಉಲ್ಲೇಖಿಸಿ ಸ್ಪೀಡ್ ಪೋಸ್ಟ್ ಅಥವಾ ಇಮೇಲ್ ಮೂಲಕ ನೋಟಿಸ್.

ಉದ್ಯಮ್ ನೋಂದಣಿ ಕೈಹಿಡಿಯುವುದು ಇಲ್ಲೇ. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯಂತೆ ಸೂಕ್ಷ್ಮ, ಸಣ್ಣ ಉದ್ಯಮಗಳಿಂದ ಸೇವೆ ಪಡೆದವರು ಒಪ್ಪಂದದಲ್ಲಿ ಏನೇ ಬರೆದಿದ್ದರೂ ದುಡ್ಡು ಕೊಡಲು 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ನೀವು ಕೆಲಸ ಮುಗಿಸಿ ಕೊಟ್ಟ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬರದಿದ್ದರೆ ಅವರು ಕೆಲಸವನ್ನು ಒಪ್ಪಿಕೊಂಡಂತೆ. ಆದ್ದರಿಂದ ಮೂರು ತಿಂಗಳಾದ ಮೇಲೆ "ಗುಣಮಟ್ಟ ಸರಿಯಿಲ್ಲ" ಎಂದು ಎತ್ತುವ ತಕರಾರಿಗೆ ನಿಮ್ಮಲ್ಲಿ ಗಟ್ಟಿ ಉತ್ತರವಿದೆ. ನೋಟಿಸ್‌ಗೂ ಬಗ್ಗದಿದ್ದರೆ ಎಂಎಸ್‌ಎಂಇ ಸಚಿವಾಲಯದ ಜಾಲತಾಣದ ಮೂಲಕ ಇಂಥ ಬಾಕಿಯ ತಕರಾರು ಬಗೆಹರಿಸುವ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಡಬಹುದು.

ಎಷ್ಟೋ ಸಲ ದೂರಿನವರೆಗೆ ಹೋಗಬೇಕಾಗುವುದೇ ಇಲ್ಲ. ಗಡುವು ಮೀರಿದ ಬಾಕಿಯನ್ನು ಕಂಪನಿ ನಿಜವಾಗಿ ಪಾವತಿಸುವವರೆಗೆ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. 2024-25ರ ತೆರಿಗೆ ನಿರ್ಧಾರ ವರ್ಷದಿಂದ ಬಂದ ಈ ನಿಯಮ ಅಕೌಂಟ್ಸ್‌ನವರಿಗೆ ಚೆನ್ನಾಗಿ ಗೊತ್ತು. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಕಂಡರೆ, ಮುಖ್ಯವಾಗಿ ಮಾರ್ಚ್ ಹತ್ತಿರ ಬಂದಾಗ, ಕಡತ ತಾನಾಗಿ ಚುರುಕಾಗುವುದುಂಟು.

ಉದ್ಯಮ್ ಇಲ್ಲದವರಿಗೂ ಸಿವಿಲ್ ದಾವೆಯ ದಾರಿ ಇದೆ, ಸಾಮಾನ್ಯವಾಗಿ 3 ವರ್ಷದೊಳಗೆ ಹೂಡಬೇಕು. ₹6,000 ಬಾಕಿಗೆ ಅಷ್ಟು ದೂರ ಹೋಗುವುದು ನನ್ನ ಪ್ರಕಾರ ವ್ಯರ್ಥ. ಅವರ ಕೆಲಸ ಮತ್ತೆ ಹಿಡಿಯದೆ ಮುಂದೆ ಸಾಗಿ. ಸಾಮಾಜಿಕ ಜಾಲತಾಣದಲ್ಲಿ ಹೆಸರು ಹಾಕಿ ಬೈಯುವುದು ಬೇಡ, ಮಾನನಷ್ಟದ ನೋಟಿಸ್ ನಿಮಗೇ ಬಂದೀತು.

## ಹಂತ 9: ಹಿಡಿದ ಟಿಡಿಎಸ್, ಕಟ್ಟಬೇಕಾದ ತೆರಿಗೆ

ಬಿಲ್ ₹60,000, ಖಾತೆಗೆ ಬಂದದ್ದು ₹54,000. "ಆರು ಸಾವಿರ ನುಂಗಿದರು" ಎಂದು ಗಾಬರಿಯಾಗಬೇಡಿ, ಅದು ನಿಮ್ಮ ಪ್ಯಾನ್ ಹೆಸರಲ್ಲಿ ಸರ್ಕಾರಕ್ಕೆ ಕಟ್ಟಿದ 10% ಟಿಡಿಎಸ್. ವೃತ್ತಿಪರ ಸೇವೆಯ ಶುಲ್ಕ ಒಬ್ಬ ಕ್ಲೈಂಟ್‌ನಿಂದ ವರ್ಷಕ್ಕೆ ₹50,000 ದಾಟಿದರೆ ಹಿಡಿಯುತ್ತಾರೆ. 2025ರ ಏಪ್ರಿಲ್‌ಗಿಂತ ಮುಂಚೆ ಈ ಮಿತಿ ₹30,000 ಇತ್ತು. ಕೆಲವು ಕಂಪನಿಗಳು ಅನುವಾದವನ್ನು ಗುತ್ತಿಗೆ ಕೆಲಸವೆಂದು ಪರಿಗಣಿಸಿ 1% ಮಾತ್ರ ಹಿಡಿಯುವುದೂ ಉಂಟು. ಯಾವ ದರ ಎಂದು ಬಿಲ್ಲಿಗೆ ಮೊದಲೇ ಕೇಳಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗಿ ಸೆಕ್ಷನ್ ಸಂಖ್ಯೆಗಳು ಬದಲಾಗಿರುವುದರಿಂದ, ಅಕೌಂಟ್ಸ್‌ನವರು ಹಳೆಯ "194ಜೆ" ಎಂದರೂ ಹೊಸ ಸಂಖ್ಯೆ ಎಂದರೂ ತಲೆಕೆಡಿಸಿಕೊಳ್ಳದೆ ಶೇಕಡಾವಾರು ಎಷ್ಟು ಎಂದಷ್ಟೇ ಕೇಳಿಕೊಳ್ಳಿ.

ಹೊಸಬರು ಇಲ್ಲಿ ಎರಡು ತಪ್ಪು ಮಾಡುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಆದಾಯ ₹54,000 ಎಂದು ಬರೆಯುತ್ತಾರೆ. ಬರೆಯಬೇಕಾದ್ದು ₹60,000. ಎರಡನೆಯದು, ಹಿಡಿದ ಟಿಡಿಎಸ್ ನಿಜವಾಗಿ ಕಟ್ಟಿದ್ದಾರೆಯೇ ಎಂದು ನೋಡುವುದಿಲ್ಲ. ಮೂರು ತಿಂಗಳಿಗೊಮ್ಮೆ ಆದಾಯ ತೆರಿಗೆ ಜಾಲತಾಣದಲ್ಲಿ ತೆರಿಗೆ ಜಮಾ ವಿವರ ತೆಗೆದು ನಿಮ್ಮ ಬಿಲ್ಲುಗಳೊಂದಿಗೆ ಹೋಲಿಸಿ. ಕಾಣದಿದ್ದರೆ ಆಗಲೇ ಕ್ಲೈಂಟ್‌ಗೆ ಬರೆಯಿರಿ. ಎರಡು ವರ್ಷ ಬಿಟ್ಟು ಕೇಳಿದರೆ ಆ ಕಚೇರಿಯಲ್ಲಿ ಉತ್ತರ ಕೊಡುವವರೇ ಬದಲಾಗಿರುತ್ತಾರೆ.

ಜಿಎಸ್‌ಟಿ ವಿಷಯದಲ್ಲಿ ಸಂಕ್ಷೇಪ ಇಷ್ಟು: ಕರ್ನಾಟಕದಲ್ಲಿ ಸೇವೆ ಕೊಡುವವರ ವಾರ್ಷಿಕ ವಹಿವಾಟು ₹20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಿಲ್ಲ. ಮುಂಬೈ, ದೆಹಲಿಯ ಕ್ಲೈಂಟ್‌ಗೆ ಸೇವೆ ಕೊಟ್ಟರೂ ಇದೇ ಮಿತಿ. "ಹೊರ ರಾಜ್ಯ ಅಂದರೆ ಜಿಎಸ್‌ಟಿ ಬೇಕೇ ಬೇಕು" ಎಂದು ಹೆದರಿಸಿದವರ ಮಾತು ಕೇಳಿ ನೋಂದಾಯಿಸಿಕೊಂಡರೆ ಪ್ರತಿ ಅವಧಿಗೂ ರಿಟರ್ನ್ ಸಲ್ಲಿಸುವ ಹೊರೆ ಹೆಗಲೇರುತ್ತದೆ. ವಿದೇಶಿ ಕ್ಲೈಂಟ್‌ನಿಂದ ದುಡ್ಡು ಬಂದಾಗ ಬ್ಯಾಂಕ್ ಅಥವಾ ಪಾವತಿ ಸಂಸ್ಥೆಯಿಂದ ವಿದೇಶಿ ಹಣ ಬಂದ ಪತ್ರವನ್ನು ಪ್ರತಿ ಸಲ ತೆಗೆದಿಟ್ಟುಕೊಳ್ಳಿ.

ಟಿಡಿಎಸ್ ಕಳೆದ ಮೇಲೂ ವರ್ಷದ ತೆರಿಗೆ ₹10,000 ಅಥವಾ ಹೆಚ್ಚು ಬರುವಂತಿದ್ದರೆ ಮುಂಗಡ ತೆರಿಗೆ ಕಟ್ಟಬೇಕು: ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15. ವೃತ್ತಿಪರರಿಗೆ ಆದಾಯದ ಅರ್ಧವನ್ನೇ ಲಾಭವೆಂದು ತೋರಿಸುವ ಸರಳ ವಿಧಾನವೊಂದಿದೆ, ಆದರೆ ಅದು ಕಾಯ್ದೆ ಹೆಸರಿಸಿದ ವೃತ್ತಿಗಳಿಗೆ ಮಾತ್ರ. ಅನುವಾದ ಆ ಪಟ್ಟಿಯಲ್ಲಿ ನೇರವಾಗಿಲ್ಲ. ಯೂಟ್ಯೂಬ್ ನೋಡಿ ನೀವೇ ತೀರ್ಮಾನಿಸದೆ ಸಿಎ ಒಬ್ಬರನ್ನು ಒಮ್ಮೆ ಕೇಳಿ, ಆ ಶುಲ್ಕ ದಂಡವಾಗುವುದಿಲ್ಲ.

ಮೊದಲ ವರ್ಷ ಬಹುತೇಕರ ಆದಾಯ ತೆರಿಗೆ ಬೀಳುವಷ್ಟು ಇರುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರ ಆರ್ಥಿಕ ವರ್ಷದಿಂದ ₹12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿ ಕಳೆದು ತೆರಿಗೆ ಸೊನ್ನೆಯಾಗುತ್ತದೆ. ಹಾಗಿದ್ದರೆ ಹಿಡಿದ ಟಿಡಿಎಸ್ ಪೂರ್ತಿ ನಿಮಗೇ ವಾಪಸ್ ಬರಬೇಕಾದ ದುಡ್ಡು. "ತೆರಿಗೆಯೇ ಇಲ್ಲವಲ್ಲ, ರಿಟರ್ನ್ ಯಾಕೆ" ಎಂದು ಬಿಟ್ಟವರ ದುಡ್ಡು ಅಲ್ಲೇ ಉಳಿಯುತ್ತದೆ. ಜಾಲತಾಣದಲ್ಲಿ ಬ್ಯಾಂಕ್ ಖಾತೆಯನ್ನು ಮೊದಲೇ ದೃಢೀಕರಿಸಿ, ಗಡುವಿನೊಳಗೆ ರಿಟರ್ನ್ ಸಲ್ಲಿಸಿ, ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿ ಮೂಲಕ ಇ-ವೆರಿಫೈ ಮಾಡಿ. ಇ-ವೆರಿಫೈ ಆಗದ ರಿಟರ್ನ್‌ಗೆ ಮರುಪಾವತಿ ಬರುವುದಿಲ್ಲ.